ಡಿಟೆಕ್ಟರ್‌ಗೆ ಕೇಳಿಸುವುದು ಅರ್ಧ ಮಾತ್ರ: ಹಳೆಯ ಲೋಹದ ಹುಡುಕಾಟ ಮತ್ತು ನಮ್ಮ ಕರಾವಳಿಯ ಮಣ್ಣು

ಫೆಬ್ರವರಿ ನಡುವಿಗೆ ತುಳುನಾಡಿನಲ್ಲಿ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾದಳು ಅಂತ ನಂಬಿಕೆ. ಆ ಮೂರು ದಿನ ಯಾರೂ ನೆಲಕ್ಕೆ ಹಾರೆ ಹಾಕುವುದಿಲ್ಲ, ಗದ್ದೆ ಉಳುವುದಿಲ್ಲ. ಅದು ಕಳೆದರೆ ಚಳಿ ಬಿಟ್ಟು ಸೆಕೆ ಶುರು. ಗೇರು ಹಣ್ಣಾಗತೊಡಗುತ್ತದೆ, ಸುಗ್ಗಿ ಕೊಯ್ದ ಗದ್ದೆ ಬೋಳಾಗಿ ಬಿದ್ದಿರುತ್ತದೆ. ನಮಗೆ ವಸಂತ ಅಂದರೆ ಇದು.

ಹೆಚ್ಚುಕಮ್ಮಿ ಇದೇ ಹೊತ್ತಿಗೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಸಾವಿರಾರು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೊಲಕ್ಕೆ ಇಳಿಯುತ್ತಾರೆ. ಕೈಯಲ್ಲಿ ಮೆಟಲ್ ಡಿಟೆಕ್ಟರ್. ಹುಡುಕುವುದು ರೋಮನ್ ನಾಣ್ಯ, ಹಳೆಯ ಬೆಲ್ಟಿನ ಬಕಲು, ಗುಂಡಿ, ಉಂಗುರ, ಸೀಸದ ಗುಂಡು. ಅವರ ವಿಡಿಯೊಗಳು ಈಗ ನಮ್ಮ ಮೊಬೈಲಿಗೂ ಬರುತ್ತವೆ. ನೋಡಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ಉಡುಪಿ ಕಡೆಯ ಹಳೆಯ ಪೇಟೆಗಳಾದ ಬಾರ್ಕೂರಿನಲ್ಲೋ ಬಸ್ರೂರಿನಲ್ಲೋ ಇಂಥದ್ದೊಂದನ್ನು ಹಿಡಿದು ನಡೆದರೆ ಏನೆಲ್ಲ ಸಿಗಬಹುದು?

ಪ್ರಶ್ನೆ ಒಳ್ಳೆಯದೇ. ಉತ್ತರಕ್ಕೆ ಯಂತ್ರದಿಂದಲೇ ಶುರು ಮಾಡಬೇಕು. ಆದರೆ ಯಂತ್ರದಲ್ಲೇ ನಿಂತುಬಿಟ್ಟರೆ ಅಸಲು ಸಂಗತಿ ಕೈತಪ್ಪುತ್ತದೆ. ನೆಲದಡಿ ಸಿಗುವ ಹಳೆಯ ವಸ್ತುವಿನ ಬೆಲೆ ಅರ್ಧ ಆ ವಸ್ತುವಿನಲ್ಲಿದೆ. ಉಳಿದರ್ಧ ಅದು ಬಿದ್ದುಕೊಂಡಿದ್ದ ಜಾಗದಲ್ಲಿದೆ. ಡಿಟೆಕ್ಟರ್‌ಗೆ ಕೇಳಿಸುವುದು ಮೊದಲರ್ಧ ಮಾತ್ರ.

ವಸಂತದ ಆರಂಭವೇ ಯಾಕೆ?

ಇಂಗ್ಲೆಂಡಿನಲ್ಲಿ ಬೆಳೆ ನಿಂತ ಹೊಲಕ್ಕೆ ಯಾರೂ ಕಾಲಿಡುವ ಹಾಗಿಲ್ಲ. ವಸಂತದ ಬಿತ್ತನೆಗೆ ಬಿಟ್ಟ ಹೊಲ ಮಾರ್ಚ್, ಏಪ್ರಿಲ್‌ವರೆಗೆ ಖಾಲಿ ಇರುತ್ತದೆ. ಬಿತ್ತಿದ ಮೇಲೆ ಮತ್ತೆ ಅವಕಾಶ ಸಿಗುವುದು ಕೊಯ್ಲಾದ ನಂತರ, ಆಗಸ್ಟ್ ಹೊತ್ತಿಗೆ. ಚಳಿ ಜೋರಾದ ದಿನಗಳಲ್ಲಿ ನೆಲ ಹೆಪ್ಪುಗಟ್ಟಿ ಗುದ್ದಲಿಯೇ ಇಳಿಯದು. ಮಾರ್ಚ್ ಬಂತೆಂದರೆ ಮಣ್ಣು ಸಡಿಲ. ಉತ್ತ ಹೆಂಟೆಗಳು ಮಳೆಗೆ, ಹಿಮಕ್ಕೆ ಒಡೆದು ನೆಲ ಸಮವಾಗಿರುತ್ತದೆ. ಹುಲ್ಲು ಇನ್ನೂ ಎದ್ದಿರುವುದಿಲ್ಲ. ಹಾಗಾಗಿ ಯಂತ್ರದ ತಟ್ಟೆಯನ್ನು ನೆಲಕ್ಕೆ ತೀರಾ ಹತ್ತಿರ ಆಡಿಸಬಹುದು. ಒಂದೆರಡು ಇಂಚು ಹತ್ತಿರವಾದರೂ ಫಲ ಜಾಸ್ತಿ. ಮಣ್ಣಿನಲ್ಲಿ ಹದವಾದ ತೇವ ಇದ್ದರೆ ಸದ್ದು ಚೆನ್ನಾಗಿ ಬರುತ್ತದೆ ಎನ್ನುವುದು ಹುಡುಕುವವರ ಅನುಭವ. ಅಮೆರಿಕದಲ್ಲೂ ಹಾಗೆಯೇ. ಅಲ್ಲಿನ 1861–65ರ ಅಂತರ್ಯುದ್ಧದ ಗುಂಡು, ಗುಂಡಿಗಳನ್ನು ಖಾಸಗಿ ಜಮೀನಿನಲ್ಲಿ ಹುಡುಕುವವರು ಕುರುಚಲು ಗಿಡ ಚಿಗುರುವ ಮೊದಲೇ ಹೊರಡುತ್ತಾರೆ.

ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಗದ್ದೆ ಖಾಲಿ ಇರುತ್ತದೆ ನಿಜ. ಆದರೆ ಮಾರ್ಚ್ ಬಿಸಿಲಿಗೆ ಅದು ಒಣಗಿ, ಬಿರುಕು ಬಿಟ್ಟು, ಕಲ್ಲಿನಂತಾಗಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಮಣ್ಣಿನ ಒಳಗೇ ಇದೆ. ಅಲ್ಲಿಗೆ ಬರುವ ಮೊದಲು ಯಂತ್ರ ನೋಡೋಣ.

ಇಂಡಕ್ಷನ್ ಒಲೆಯ ಬಂಧು

ಇಂಡಕ್ಷನ್ ಒಲೆಯ ಗಾಜಿನಡಿ ತಾಮ್ರದ ತಂತಿಯ ಒಂದು ಸುರುಳಿ ಇದೆ. ಅದರಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಸುತ್ತ ಒಂದು ಕಾಂತಕ್ಷೇತ್ರ ಹುಟ್ಟುತ್ತದೆ. ಮೇಲಿಟ್ಟ ಪಾತ್ರೆಯ ತಳದಲ್ಲಿ ಆ ಕ್ಷೇತ್ರ ಸುಳಿಯಂಥ ವಿದ್ಯುತ್ ಪ್ರವಾಹ ಎಬ್ಬಿಸುತ್ತದೆ. ಪಾತ್ರೆ ಬಿಸಿಯಾಗುವುದು ಅದರಿಂದ.

ಡಿಟೆಕ್ಟರ್‌ನ ತಟ್ಟೆಯಲ್ಲೂ ಇಂಥದ್ದೇ ಸುರುಳಿ ಇದೆ. ಬಿಸಿ ಮಾಡುವಷ್ಟು ಶಕ್ತಿ ಇಲ್ಲ, ಅಷ್ಟೇ. ಅದರ ಕ್ಷೇತ್ರ ಮಣ್ಣಿನೊಳಗೆ ಇಳಿಯುತ್ತದೆ. ಅಲ್ಲಿ ನಾಣ್ಯವೊಂದು ಇದ್ದರೆ ಅದರಲ್ಲಿ ಸುಳಿ ಪ್ರವಾಹ ಏಳುತ್ತದೆ. ಆ ಪ್ರವಾಹ ತನ್ನದೇ ಆದ ಒಂದು ಪುಟ್ಟ ಕಾಂತಕ್ಷೇತ್ರವನ್ನು ವಾಪಸ್ ಕಳಿಸುತ್ತದೆ. ತಟ್ಟೆಯಲ್ಲಿರುವ ಎರಡನೇ ಸುರುಳಿಯ ಕೆಲಸ ಈ ಉತ್ತರವನ್ನು ಹಿಡಿಯುವುದು. ಹಿಡಿದ ಕೂಡಲೇ ಬೀಪ್.

ಉತ್ತರ ಬರುವಾಗ ಸ್ವಲ್ಪ ತಡವಾಗುತ್ತದೆ. ಎಷ್ಟು ತಡ ಅನ್ನುವುದು ಲೋಹದ ಜಾತಿ, ಗಾತ್ರ, ಆಕಾರದ ಮೇಲೆ ನಿಂತಿದೆ. ಬೆಳ್ಳಿ, ತಾಮ್ರದಲ್ಲಿ ವಿದ್ಯುತ್ ಸರಾಗ. ಸೀಸ, ಕಂಚಿನಲ್ಲಿ ಅಷ್ಟಿಲ್ಲ. ಕಬ್ಬಿಣ ಸ್ವತಃ ಆಯಸ್ಕಾಂತಕ್ಕೆ ಅಂಟುವ ಜಾತಿ, ಅದರ ಉತ್ತರದ ರೀತಿಯೇ ಬೇರೆ. ಈ ವ್ಯತ್ಯಾಸ ಅಳೆದು ಯಂತ್ರ ಪರದೆಯ ಮೇಲೆ ಒಂದು ಅಂಕಿ ತೋರಿಸುತ್ತದೆ. ಕಬ್ಬಿಣದ ಮೊಳೆಗೆ ಗೊಗ್ಗರು ಸದ್ದು, ಬೆಳ್ಳಿ ನಾಣ್ಯಕ್ಕೆ ತೆಳುವಾದ ಏರುದನಿ.

ಇಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಯಂತ್ರ "ಇದು ಚಿನ್ನ" ಅಂತ ಎಂದೂ ಹೇಳುವುದಿಲ್ಲ. ಸಣ್ಣ ಚಿನ್ನದ ಉಂಗುರಕ್ಕೆ ಬರುವ ಅಂಕಿಯೂ ಸಿಗರೇಟು ಪ್ಯಾಕಿನ ತಗಡಿಗೋ ಪೆಪ್ಸಿ ಡಬ್ಬಿಯ ಕೊಕ್ಕೆಗೋ ಬರುವ ಅಂಕಿಯೂ ಆಸುಪಾಸಿನಲ್ಲೇ ಇರುತ್ತವೆ. ಅಗೆದ ಮೇಲೆಯೇ ಗೊತ್ತಾಗುವುದು. ಇನ್ನು ಆಳ. ಒಂದು ನಾಣ್ಯ ಹಿಡಿಯಬೇಕಾದರೆ ಸಾಮಾನ್ಯ ಯಂತ್ರಕ್ಕೆ 15ರಿಂದ 25 ಸೆಂಟಿಮೀಟರ್ ದಾಟುವುದು ಕಷ್ಟ. ದೊಡ್ಡ ಹಂಡೆಯಾದರೆ ಇನ್ನಷ್ಟು ಕೆಳಗೆ. "ಇಪ್ಪತ್ತು ಅಡಿ ಆಳದ ಬಂಗಾರ ತೋರಿಸುತ್ತದೆ", "ಕಿಲೋಮೀಟರ್ ದೂರದಿಂದಲೇ ಕಡ್ಡಿ ತಿರುಗುತ್ತದೆ" ಎಂದು ಮಾರುವ ಆಂಟೆನಾ ಯಂತ್ರಗಳಿಗೆ ಭೌತಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಲಕ್ಷಗಟ್ಟಲೆ ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ ಅನ್ನುವುದೇ ಸಂಕಟ.

ಈ ತಂತ್ರಕ್ಕೆ ವಯಸ್ಸಾಗಿದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದ್ದೇ ಒಂದು ಸಲಕರಣೆ ತಂದ. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೂ ಅದರ ದಾರಿ ತಪ್ಪಿಸಿದ್ದವು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಸೆಫ್ ಕೊಸಾಟ್ಸ್ಕಿ ಕೈಯಲ್ಲಿ ಹಿಡಿದು ನಡೆಯಬಹುದಾದ ನೆಲಬಾಂಬು ಪತ್ತೆ ಯಂತ್ರ ಮಾಡಿದ. ಇಂದಿನ ಹವ್ಯಾಸಿಗಳ ಯಂತ್ರ ಅದೇ ವಂಶದ್ದು.

ಮುರಕಲ್ಲು ಮತ್ತು ಉಪ್ಪು ನೀರು

ಇನ್ನು ನಮ್ಮ ಮಣ್ಣು. ಉಡುಪಿ, ಮಂಗಳೂರಿನ ಗುಡ್ಡವೆಲ್ಲ ಮುರಕಲ್ಲು. ಮನೆ ಕಟ್ಟಲು ಕೊರೆದು ತೆಗೆಯುವ ಅದೇ ಕೆಂಪು ಕಲ್ಲು. ಲಕ್ಷಾಂತರ ವರ್ಷ ಸುರಿದ ಮಳೆ ಬಂಡೆಯೊಳಗಿನ ಕರಗುವ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳನ್ನು ಉಳಿಸಿದೆ. ಆ ಕೆಂಪು ಬಣ್ಣ ಕಬ್ಬಿಣದ್ದೇ. ಡಿಟೆಕ್ಟರ್ ಕೆಳಗಿಟ್ಟರೆ ನೆಲವೇ ಉತ್ತರ ಕೊಡತೊಡಗುತ್ತದೆ. ಆ ಗದ್ದಲದಲ್ಲಿ ನಾಣ್ಯದ ಸಣ್ಣ ಉತ್ತರ ಮುಳುಗಿಹೋಗುತ್ತದೆ. ನೆಲದ ಸದ್ದನ್ನು ಕಳೆದು ಉಳಿದದ್ದನ್ನು ಮಾತ್ರ ಕೇಳಿಸುವ ಹೊಂದಾಣಿಕೆ ಒಳ್ಳೆಯ ಯಂತ್ರಗಳಲ್ಲಿ ಇರುತ್ತದೆ. ಆದರೂ ಮುರಕಲ್ಲಿನ ಮೇಲೆ ಆಳ ಕಮ್ಮಿಯಾಗುತ್ತದೆ.

ಮಲ್ಪೆ, ಪಣಂಬೂರಿನ ಒದ್ದೆ ಮರಳಿನಲ್ಲಿ ಬೇರೆ ತೊಂದರೆ. ಉಪ್ಪು ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಅದೂ ಲೋಹದ ಹಾಗೆ ಸದ್ದು ಎಬ್ಬಿಸುತ್ತದೆ. ಇಂಥ ಕಡೆ ಬಳಸುವ ಯಂತ್ರಗಳು ಸತತವಾಗಿ ಅಲೆ ಕಳಿಸುವುದಿಲ್ಲ. ಒಂದು ಮಿಡಿತ ಕಳಿಸಿ, ಸುಮ್ನೆ ನಿಂತು, ಉತ್ತರ ಹೇಗೆ ಇಳಿಯುತ್ತದೆ ಅಂತ ನೋಡುತ್ತವೆ. ಉಪ್ಪು ನೀರಿನ ಉತ್ತರ ತಟ್ಟನೆ ಅಡಗುತ್ತದೆ, ಲೋಹದ್ದು ಒಂಚೂರು ಉಳಿಯುತ್ತದೆ. ಆಳ ಸಿಗುತ್ತದೆ, ಆದರೆ ಮೊಳೆ ಯಾವುದು ನಾಣ್ಯ ಯಾವುದು ಎನ್ನುವ ವಿವೇಚನೆ ಕಮ್ಮಿ. ಇನ್ನೂ ಒಂದು ವಿಷಯ. ಈಗಿನ ನಮ್ಮ ಒಂದು ರೂಪಾಯಿ ನಾಣ್ಯ ಆಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲ್. ಯಂತ್ರಕ್ಕೆ ಅದೂ ಕಬ್ಬಿಣದ ಪೈಕಿಯೇ.

ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಹುಳಿ ಗುಣದ ಮಣ್ಣು, ಉಪ್ಪು ಗಾಳಿ. ಈ ಮೂರೂ ಸೇರಿ ಕಬ್ಬಿಣವನ್ನು ತಿಂದು ತುಕ್ಕಿನ ಗಂಟು ಮಾಡುತ್ತವೆ. ತಾಮ್ರ, ಕಂಚಿಗೆ ಹಸಿರು ಕಿಲುಬು ಹಿಡಿಯುತ್ತದೆ. ಹಾಗೇ ಉಳಿಯುವುದು ಚಿನ್ನ ಒಂದೇ.

ಈ ನೆಲದಲ್ಲಿ ಏನಿರಬಹುದು

ಬಹಳ ಇದೆ. ಆಳುಪರು ಶತಮಾನಗಟ್ಟಲೆ ಇಲ್ಲಿ ಆಳಿದರು. ಉದ್ಯಾವರ, ಮಂಗಳೂರು, ಬಾರ್ಕೂರು ಅವರ ರಾಜಧಾನಿಗಳಾಗಿದ್ದವು. ಅವರ ಚಿನ್ನದ ನಾಣ್ಯದ ಮೇಲೆ ಜೋಡಿ ಮೀನು, "ಶ್ರೀ ಪಾಂಡ್ಯ ಧನಂಜಯ" ಎಂಬ ಬರಹ. ಕಾರ್ಕಳದ ಬೆಳ್ಮಣ್ಣಿನ ಎಂಟನೇ ಶತಮಾನದ ತಾಮ್ರಪಟ ಕನ್ನಡದ ಅತ್ಯಂತ ಹಳೆಯ ತಾಮ್ರಪಟಗಳ ಸಾಲಿನಲ್ಲಿ ನಿಲ್ಲುತ್ತದೆ. ಅದರ ಮುದ್ರೆಯ ಮೇಲೂ ಜೋಡಿ ಮೀನು. ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ 968ರ ಶಾಸನವಿದೆ. ವಿಜಯನಗರದ ಕಾಲಕ್ಕೆ ಬಾರ್ಕೂರು ಒಂದು ರಾಜ್ಯದ ಕೇಂದ್ರ. ಶಾಸನಗಳಲ್ಲಿ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಎಂದು ಹಣದ ಹೆಸರೇ ಬರುತ್ತದೆ. ಆಮೇಲೆ ಇಕ್ಕೇರಿಯ ವರಹ. ಆಮೇಲೆ ಹೈದರಾಲಿ, ಆನೆ ಚಿತ್ರದ ಟಿಪ್ಪುವಿನ ದುಡ್ಡು. ಬಸ್ರೂರಿಗೆ ಪೋರ್ಚುಗೀಸರು ಬಂದರು. 1665ರ ಫೆಬ್ರವರಿಯಲ್ಲಿ ಶಿವಾಜಿಯ ಹಡಗುಗಳೂ ಬಂದವು. 1783–84ರಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ನಡೆದು, 1784ರ ಮಾರ್ಚ್ 11ರಂದು ಇಲ್ಲೇ ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಪ್ಪಂದವಾಯಿತು.

1799ರಲ್ಲಿ ಕಂಪನಿ ಆಳ್ವಿಕೆ ಬಂದ ಮೇಲಿನ ಒಂದು ಕತೆ ಇಂಗ್ಲೆಂಡಿನ ಹುಡುಕಾಟಕ್ಕೇ ತಾಗಿಕೊಂಡಿದೆ. ಮದ್ರಾಸ್ ಪ್ರಾಂತ್ಯಕ್ಕೆಂದು ಅಲ್ಲಿ ಟಂಕಿಸಿದ ತಾಮ್ರದ 'ಕಾಶು'ಗಳನ್ನು ತುಂಬಿಕೊಂಡು ಅಡ್ಮಿರಲ್ ಗಾರ್ಡನರ್ ಎಂಬ ಹಡಗು ಹೊರಟಿತ್ತು. 1809ರಲ್ಲಿ ಇಂಗ್ಲೆಂಡಿನ ಗುಡ್‌ವಿನ್ ಮರಳು ದಿಬ್ಬದಲ್ಲಿ ಅದು ಮುಳುಗಿತು. ಆಗ ನಮ್ಮ ಕೆನರಾ ಕೂಡ ಅದೇ ಪ್ರಾಂತ್ಯದಲ್ಲಿತ್ತು. ಈ ಕಡೆಯ ಸಂತೆಗಳಲ್ಲೂ ಓಡಾಡಬಹುದಾಗಿದ್ದ ದುಡ್ಡು ಸುಮಾರು 175 ವರ್ಷ ಅಲ್ಲಿನ ಸಮುದ್ರದಡಿ ಇದ್ದು ಮೇಲೆ ಬಂತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮಾತ್ರ ನಾಣ್ಯವಲ್ಲ. 12ನೇ ಶತಮಾನದಲ್ಲಿ ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದ. ಅವನ ಕಾಗದಪತ್ರ ಕೈರೋದ ಗೆನಿಜಾ ಸಂಗ್ರಹದಲ್ಲಿ (ಯಹೂದಿ ಮಂದಿರದಲ್ಲಿ ಹಳೆಯ ಕಾಗದಗಳನ್ನು ಎಸೆಯದೆ ಕೂಡಿಟ್ಟ ಕೋಣೆ) ಉಳಿದಿದೆ. ಈ ಕಡೆ ಇದ್ದಾಗ ಅವನು ಕಂಚು, ಹಿತ್ತಾಳೆಯ ಕಾರ್ಖಾನೆ ನಡೆಸುತ್ತಿದ್ದ. ಯೆಮೆನ್‌ನ ಏಡನ್ ಬಂದರಿನ ವ್ಯಾಪಾರಿಗಳು ಒಡೆದ ತಾಮ್ರದ ಪಾತ್ರೆ ಕಳಿಸಿ, ಇಂಥದ್ದು ಮಾಡಿಕೊಡು ಅಂತ ಬರೆಯುತ್ತಿದ್ದರು. ಅಂಥ ಒಂದು ಕಾರ್ಖಾನೆಯ ಜಾಗ ಎಲ್ಲಾದರೂ ಉಳಿದಿದ್ದರೆ ಅದನ್ನು ಗುರುತಿಸುವುದು ಹೇಗೆ? ಸುಟ್ಟು ಕೆಂಪಾದ ಮಣ್ಣು, ಇದ್ದಿಲು, ಲೋಹ ಕರಗಿಸಿದ ಮೂಸೆಯ ಚೂರು, ಕಿಟ್ಟ. ಡಿಟೆಕ್ಟರ್ ಹಿಡಿದವನು ಕಿಟ್ಟವನ್ನು ಕಸ ಅಂತ ಬಿಸಾಡುತ್ತಾನೆ. ಇದ್ದಿಲು, ಮೂಸೆ ಯಂತ್ರಕ್ಕೆ ಕೇಳಿಸುವುದೇ ಇಲ್ಲ. ಇತಿಹಾಸದ ಪಾಲಿಗೆ ಅಲ್ಲಿ ಸಿಗುವ ಒಂದು ಚಿನ್ನದ ನಾಣ್ಯಕ್ಕಿಂತ ಆ ಕಸವೇ ದೊಡ್ಡದು.

ಹೆಂಚಿನ ಚೂರು ಹೇಳುವ ಕಾಲ

ಜಾಗ ಅಂದರೆ ಏನು ಎನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಳೆಯ ಪೇಟೆಯೊಂದರಲ್ಲಿ ಮನೆಯ ಪಂಚಾಂಗಕ್ಕೆ ಗುಂಡಿ ತೆಗೆದಿದ್ದಾರೆ ಅಂತಿಟ್ಟುಕೊಳ್ಳಿ. ಗುಂಡಿಯ ಬದಿಯನ್ನು ಗಮನಿಸಿದರೆ ಮಣ್ಣು ಒಂದೇ ಬಣ್ಣದ್ದಲ್ಲ. ಮೇಲೆ ಕಪ್ಪು ಮಣ್ಣು, ಪ್ಲಾಸ್ಟಿಕ್ ಚೂರು. ಅದರಡಿ ಕೆಂಪು ಮಣ್ಣಿನ ಜೊತೆ ಮಂಗಳೂರು ಹೆಂಚಿನ ತುಂಡುಗಳು. ಅದರಡಿ ಗಟ್ಟಿಯಾಗಿ ತುಳಿದ ಬೂದುಬಣ್ಣದ ನೆಲ, ಮಡಕೆ ಚೂರು. ಇನ್ನೂ ಕೆಳಗೆ ಮುಟ್ಟದ ಮುರಕಲ್ಲು.

ಈಗ ಒಂದು ತಾಮ್ರದ ದುಡ್ಡು ಸಿಗುತ್ತದೆ. ಅದು ಹೆಂಚಿನ ಪದರದಲ್ಲಿ ಇತ್ತೋ, ತುಳಿದ ನೆಲದ ಮೇಲೆ ಇತ್ತೋ, ಆ ನೆಲದ ಅಡಿಗೆ ಇತ್ತೋ? ಮೂರೂ ಮೂರು ಬೇರೆ ಕತೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹಾಗಾಗಿ ಕಾರ್ಖಾನೆಯ ಹೆಂಚು ಇರುವ ಪದರ ಆ ವರ್ಷಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಅದರೊಳಗೆ ಟಿಪ್ಪುವಿನ ದುಡ್ಡು ಸಿಕ್ಕರೂ, ಅದು ಅಲ್ಲಿಗೆ ಬಿದ್ದದ್ದು ಟಿಪ್ಪು ಹೋಗಿ ಅರವತ್ತು ವರ್ಷವಾದ ಮೇಲೆಯೇ. ಯಾರೋ ಜೋಪಾನವಾಗಿ ಇಟ್ಟುಕೊಂಡದ್ದು, ಇಲ್ಲವೇ ಬೇರೆ ಕಡೆಯ ಮಣ್ಣಿನ ಜೊತೆ ಬಂದದ್ದು. ಅದೇ ದುಡ್ಡು ತುಳಿದ ನೆಲದ ಅಡಿಗೆ ಇದ್ದರೆ? ಆ ನೆಲ ಹಾಕಿದ್ದೇ ಟಿಪ್ಪುವಿನ ಕಾಲದಲ್ಲಿ ಅಥವಾ ಆಮೇಲೆ. ಒಂದು ಮನೆಯ ವಯಸ್ಸಿನ ಸುಳಿವು ಸಿಕ್ಕಿತು. ನಾಣ್ಯ ಒಂದೇ, ನಾಲ್ಕು ಬೆರಳು ಮೇಲೆ ಕೆಳಗೆ ಆದದ್ದಕ್ಕೆ ಉತ್ತರವೇ ಬದಲಾಯಿತು.

ಸುಮ್ನೆ ಒಂದು ಎಚ್ಚರಿಕೆ: ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಅಂತ ಅಚ್ಚು ಇದ್ದರೆ ಅದು ಆ ಹೆಂಚು ತಯಾರಾದ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ.

ಡಿಟೆಕ್ಟರ್ ಹಿಡಿದು ಬೀಪ್ ಬಂದಲ್ಲಿ ಗುಂಡಿ ತೋಡಿದರೆ ಈ ಪದರಗಳೆಲ್ಲ ಕಲಸಿ ಹೋಗುತ್ತವೆ. ನಾಣ್ಯ ಕೈಗೆ ಬರುತ್ತದೆ, ಕತೆ ಹೋಗುತ್ತದೆ. ಮತ್ತೆ ಕೂಡಿಸಲು ಆಗುವುದಿಲ್ಲ.

ಅಗೆಯುವುದನ್ನು ನಿಲ್ಲಿಸಿದವನು

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಇಂಗ್ಲೆಂಡಿನದ್ದೇ. 2010ರ ಏಪ್ರಿಲ್. ಸಾಮರ್ಸೆಟ್ ಜಿಲ್ಲೆಯ ಫ್ರೋಮ್ ಎಂಬ ಊರಿನ ಹತ್ತಿರ ಡೇವ್ ಕ್ರಿಸ್ಪ್ ಎಂಬ ಹವ್ಯಾಸಿಗೆ ಒಂದು ವಿಚಿತ್ರ ಸದ್ದು ಕೇಳಿಸಿತು. ಸುಮಾರು ಒಂದು ಅಡಿ ಅಗೆದಾಗ ಜೇಡಿಮಣ್ಣಿನ ಜೊತೆ ಒಂದು ಪುಟ್ಟ ಕಂಚಿನ ನಾಣ್ಯ ಬಂತು. ಕೆಳಗೆ ಮಡಕೆಯ ಬಾಯಿ ಇರುವುದು ಗೊತ್ತಾಯಿತು. ಯಾರಿಗಾದರೂ ಕೈ ತಡೆಯುವುದು ಕಷ್ಟ, ಅಲ್ವಾ? ಅವನು ಗುಂಡಿ ಮುಚ್ಚಿ, ಪುರಾತತ್ವ ಅಧಿಕಾರಿಗಳಿಗೆ ತಿಳಿಸಿದ.

ಪುರಾತತ್ವಜ್ಞರು ಮೂರು ದಿನ ಕೂತು, ಮಡಕೆಯೊಳಗಿನ ನಾಣ್ಯಗಳನ್ನು ಪದರ ಪದರವಾಗಿ ತೆಗೆದು, ಪ್ರತಿ ಪದರವನ್ನೂ ಬೇರೆ ಚೀಲಕ್ಕೆ ಹಾಕಿದರು. ಒಟ್ಟು 52,503 ರೋಮನ್ ನಾಣ್ಯ, ಸುಮಾರು 160 ಕೆಜಿ. ಎಣಿಸಿದ ಮೇಲೆ ಒಂದು ಸಂಗತಿ ಎದ್ದು ಕಂಡಿತು. ಕರೌಸಿಯಸ್ ಎಂಬ ದೊರೆಯ ನಾಣ್ಯಗಳು ಆ ಗುಂಪಿನಲ್ಲಿ ಈಚಿನವು. ವರ್ಷ ವರ್ಷ ಸ್ವಲ್ಪ ಸ್ವಲ್ಪ ಕೂಡಿಟ್ಟಿದ್ದರೆ ಅವು ಮೇಲ್ಗಡೆ ಇರಬೇಕಿತ್ತು. ಆದರೆ ಹೆಚ್ಚಿನವು ಮಡಕೆಯ ಕೆಳಗಿನ ಅರ್ಧದಲ್ಲಿ ಇದ್ದವು. ಅಂದರೆ ಇದು ಯಾರೋ ಜಿಪುಣ ವರ್ಷಗಟ್ಟಲೆ ಕೂಡಿಟ್ಟ ಗಂಟಲ್ಲ. ಒಂದೇ ಸಲಕ್ಕೆ ಸುರಿದದ್ದು. ಮಡಕೆಯ ಗೋಡೆಯೂ ತೆಳು. 160 ಕೆಜಿ ತುಂಬಿ ಎತ್ತಿದರೆ ಒಡೆದೇ ಹೋಗುತ್ತಿತ್ತು. ಮೊದಲು ಮಡಕೆ ಹೂತು, ಆಮೇಲೆ ನಾಣ್ಯ ತುಂಬಿದ್ದಾರೆ. ಮತ್ತೆ ಎತ್ತಿಕೊಳ್ಳುವ ಉದ್ದೇಶ ಇತ್ತೋ ಇಲ್ಲವೋ, ದೇವರಿಗೆ ಒಪ್ಪಿಸಿದ್ದೋ ಎಂಬ ಚರ್ಚೆಗೆ ದಾರಿಯಾಯಿತು. ಡೇವ್ ಕ್ರಿಸ್ಪ್ ಒಂದು ಗಂಟೆ ಆತುರಪಟ್ಟಿದ್ದರೂ ನಾಣ್ಯಗಳು ಹಾಗೇ ಸಿಗುತ್ತಿದ್ದವು. ಈ ತಿಳಿವಳಿಕೆ ಸಿಗುತ್ತಿರಲಿಲ್ಲ.

ಉಲ್ಟಾ ಉದಾಹರಣೆಯೂ ಇದೆ. 2015ರಲ್ಲಿ ಹೆರೆಫೋರ್ಡ್‌ಶೈರ್‌ನ ಲೆಮ್‌ಸ್ಟರ್ ಹತ್ತಿರ ಇಬ್ಬರಿಗೆ ವೈಕಿಂಗ್ ಕಾಲದ ಗಂಟೊಂದು ಸಿಕ್ಕಿತು. ತಿಳಿಸದೆ ಗುಟ್ಟಾಗಿ ಮಾರಿದರು. ಸುಮಾರು 300 ನಾಣ್ಯ ಇದ್ದಿರಬಹುದು ಅಂತ ಅಂದಾಜು. 2019ರಲ್ಲಿ ಶಿಕ್ಷೆಯಾಗುವ ಹೊತ್ತಿಗೆ ಕೈಗೆ ಬಂದದ್ದು 31. ಆ ಕೆಲವೇ ನಾಣ್ಯಗಳಲ್ಲಿ ಇಬ್ಬರು ದೊರೆಗಳು ಪಕ್ಕಪಕ್ಕ ಕೂತ ಅಪರೂಪದ ಚಿತ್ರವಿದೆ. ಅವರಿಬ್ಬರ ಮೈತ್ರಿಯ ಬಗ್ಗೆ ಇತಿಹಾಸವನ್ನೇ ತಿದ್ದಬಲ್ಲ ಸಾಕ್ಷಿ ಅದು. ಉಳಿದವುಗಳಲ್ಲಿ ಏನಿತ್ತು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಕಾನೂನು ಏನು ಹೇಳುತ್ತದೆ

ಇಂಗ್ಲೆಂಡಿನಲ್ಲಿ ಜಮೀನಿನ ಒಡೆಯ ಒಪ್ಪಿದರೆ, ಅದು ಸಂರಕ್ಷಿತ ಜಾಗ ಅಲ್ಲದಿದ್ದರೆ, ಹುಡುಕಬಹುದು. 1996ರ ಕಾಯ್ದೆಯ ಪ್ರಕಾರ 'ಟ್ರೆಷರ್' (ನಿಧಿ) ಎನ್ನಿಸಿಕೊಳ್ಳುವುದು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ಕೊಂಡರೆ ಹಣ ಸಿಗುತ್ತದೆ, ಸಾಮಾನ್ಯವಾಗಿ ಹುಡುಕಿದವರಿಗೂ ಜಮೀನಿನವರಿಗೂ ಹಂಚಿಕೆ. ಸಣ್ಣಪುಟ್ಟ ವಸ್ತುಗಳನ್ನು ದಾಖಲಿಸಲು ಆಯಾ ಪ್ರದೇಶಕ್ಕೆ ಅಧಿಕಾರಿಗಳಿದ್ದಾರೆ. ಹತ್ತು ಲಕ್ಷಕ್ಕೂ ಮೀರಿ ವಸ್ತುಗಳು ಹೀಗೆ ದಾಖಲಾಗಿವೆ. ಪಕ್ಕದ ಐರ್ಲೆಂಡಿನಲ್ಲಿ ಅನುಮತಿ ಇಲ್ಲದೆ ಪುರಾತನ ವಸ್ತು ಹುಡುಕಲು ಡಿಟೆಕ್ಟರ್ ಬಳಸುವುದೇ ಅಪರಾಧ. ಹಾಗಾಗಿ ವಿಡಿಯೊದಲ್ಲಿ ಕಾಣುವುದು ಒಂದು ದೇಶದ ಏರ್ಪಾಡು ಮಾತ್ರ.

ನಮ್ಮಲ್ಲಿ ಹಾಗಿಲ್ಲ. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಅಡಗಿರುವ ಬೆಲೆಯುಳ್ಳ ಯಾವುದೇ ವಸ್ತು ನಿಧಿ. ಅದರ ಬೆಲೆ 10 ರೂಪಾಯಿ ಮೀರಿದರೆ ಸಿಕ್ಕವರು ತಿಳಿಸಲೇಬೇಕು. ಅಂದರೆ ಹೆಚ್ಚುಕಮ್ಮಿ ಎಲ್ಲವೂ. ಮುಚ್ಚಿಟ್ಟರೆ ಸಿಗಬೇಕಾದ ಪಾಲೂ ಹೋಗುತ್ತದೆ, ಒಂದು ವರ್ಷದವರೆಗೆ ಜೈಲೂ ಆಗಬಹುದು. ಕರ್ನಾಟಕಕ್ಕೆ 1962ರ ಸ್ವಂತ ನಿಧಿ ಕಾಯ್ದೆ ಇದೆ. ತಿರುಳು ಅದೇ: ಅಡಗಿಸಬಾರದು, ಜಿಲ್ಲಾಧಿಕಾರಿಗೆ ತಿಳಿಸಬೇಕು. "ನಮ್ಮದೇ ತೋಟ, ನಮ್ಮದೇ ಮಣ್ಣು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಸಂರಕ್ಷಿತ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ, ಮೂರ್ತಿಗಳು ಪುರಾತನ ವಸ್ತುಗಳು. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ.

ಹಾಗಾಗಿ ಬಾರ್ಕೂರಿನಲ್ಲಿ ಡಿಟೆಕ್ಟರ್ ಹಿಡಿದು ಹೊರಡುವ ಆಸೆಯನ್ನು ಬಿಟ್ಟುಬಿಡಿ ಅಂತಲೇ ನನ್ನ ಸಲಹೆ. ಕಾನೂನಿನ ಭಯಕ್ಕಿಂತ ಮುಖ್ಯ ಕಾರಣ ಬೇರೆ. ರಾಜ್ಯದಲ್ಲಿ ನಿಧಿ ಆಸೆಗೆ ಹಳೆಯ ಗುಡಿಯ ಪೀಠ ಕಿತ್ತದ್ದು, ವೀರಗಲ್ಲು ಉರುಳಿಸಿದ್ದು, ಲಿಂಗದ ಬುಡ ಅಗೆದದ್ದು ನಾವು ಓದುತ್ತಲೇ ಇದ್ದೇವೆ. ವೀರಗಲ್ಲಿನ ಅಡಿ ಚಿನ್ನ ಇರುವುದಿಲ್ಲ. ಅಲ್ಲಿ ಇರುವುದು ಆ ಕಲ್ಲು, ಅದರ ಮೇಲಿನ ಬರಹ, ಅದು ನಿಂತ ಜಾಗ. ಅದೇ ಆಸೆಯನ್ನು ನಂಬಿ 'ರೈಸ್ ಪುಲ್ಲಿಂಗ್' ಚೊಂಬಿನ (ಅಕ್ಕಿ ಕಾಳನ್ನು ಸೆಳೆಯುತ್ತದೆ, ಭಾರಿ ಬೆಲೆ ಬರುತ್ತದೆ ಅಂತ ನಂಬಿಸುವ) ದಂಧೆಯವರೂ ಬದುಕುತ್ತಿದ್ದಾರೆ.

ಹಳೆಯ ನಾಣ್ಯ ನೋಡುವ ಖುಷಿಗೆ ಬೇರೆ ದಾರಿ ಇದೆ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಹುಟ್ಟಿದ ಉಡುಪಿಯಲ್ಲಿ, ಅದರ ಸ್ಥಾಪಕರ ಮನೆಯಲ್ಲೇ ಒಂದು ನಾಣ್ಯ ಸಂಗ್ರಹಾಲಯ ಮಾಡಲಾಗಿದೆ. ಮಂಗಳೂರಿನ ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ.

ಅಗೆಯುವಾಗ ಏನಾದರೂ ಸಿಕ್ಕರೆ

ನಮ್ಮ ಕಡೆ ನೆಲದೊಳಗಿನದ್ದು ಹೊರಬರುವುದು ಡಿಟೆಕ್ಟರ್‌ನಿಂದಲ್ಲ. ಪಂಚಾಂಗ, ಬಾವಿ, ತೋಟದ ಗುಂಡಿ, ರಸ್ತೆ ಅಗಲ ಮಾಡುವಾಗಿನ ಜೆಸಿಬಿ ಕೆಲಸ. ಬಿಸಿಲು ಏರುವ ಈ ತಿಂಗಳುಗಳಲ್ಲೇ, ಮಳೆಗೆ ಮೊದಲು ಮುಗಿಸಬೇಕು ಅಂತ ಇವೆಲ್ಲ ಭರದಿಂದ ನಡೆಯುತ್ತವೆ. ಮೊದಲು ಕಾಣುವುದು ಅಗೆಯುವವರ ಕಣ್ಣಿಗೆ, ಜೆಸಿಬಿ ಚಾಲಕನ ಕಣ್ಣಿಗೆ. ಅವರಿಗೆ ಈ ವಿಷಯ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಏನಾದರೂ ಕಂಡರೆ ಆ ಜಾಗದಲ್ಲಿ ಅಗೆತ ನಿಲ್ಲಿಸಿ. ವಸ್ತು ಇದ್ದಲ್ಲೇ ಇರಲಿ. ಪಕ್ಕದಲ್ಲಿ ಒಂದು ಪೆನ್ನು ಅಥವಾ ಟೇಪು ಇಟ್ಟು ಫೋಟೊ ತೆಗೆಯಿರಿ, ಗುಂಡಿಯ ಬದಿಯ ಮಣ್ಣಿನ ಪದರಗಳೂ ಕಾಣುವಂತೆ ಇನ್ನೊಂದು. ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ನೆಲಮಟ್ಟದಿಂದ ಎಷ್ಟು ಕೆಳಗೆ ಅಂತ ಅಳೆದು ಬರೆದಿಡಿ. ಜೊತೆಗೆ ಸಿಕ್ಕ ಮಡಕೆ ಚೂರು, ಹೆಂಚು, ಇದ್ದಿಲು ಯಾವುದನ್ನೂ ಬಿಸಾಡಬೇಡಿ.

ತೊಳೆಯಲೇಬೇಡಿ. ಇದು ನಮ್ಮವರಿಗೆ ಒತ್ತಿ ಹೇಳಬೇಕಾದ ಮಾತು. ತಾಮ್ರದ್ದು ಅಂತ ಕಂಡ ಕೂಡಲೇ ಹುಣಸೆಹುಳಿ ಹಾಕಿ ತಿಕ್ಕುವುದು ನಮ್ಮ ಮನೆಗಳ ಅಭ್ಯಾಸ. ದೀಪಕ್ಕೆ ಅದು ಸರಿ. ನೆಲದಿಂದ ಬಂದ ನಾಣ್ಯದ ಅಕ್ಷರ, ಚಿತ್ರ ಉಳಿದಿರುವುದು ಎಷ್ಟೋ ಸಲ ಆ ಹಸಿರು ಪದರದಲ್ಲೇ. ಹುಳಿ ಅದನ್ನು ಕರಗಿಸಿಬಿಡುತ್ತದೆ. ಸಮುದ್ರದ ಪಕ್ಕದ ಮಣ್ಣಿನಲ್ಲಿ ಉಪ್ಪಿನ ಕ್ಲೋರೈಡ್ ಸೇರಿಕೊಂಡಿರುತ್ತದೆ. ಗಾಳಿಯ ತೇವ ತಾಗಿದರೆ ಕಂಚಿನ ಮೇಲೆ ತಿಳಿಹಸಿರು ಪುಡಿ ಏಳುತ್ತದೆ, ವಸ್ತು ಒಳಗಿಂದಲೇ ಸವೆಯುತ್ತದೆ. ಅದನ್ನು ತಡೆಯುವುದು ಸಂರಕ್ಷಣೆ ಕಲಿತವರ ಕೆಲಸ. ಈಗಾಗಲೇ ಕೈಗೆ ಬಂದಿದ್ದರೆ ಮಣ್ಣು ಸಮೇತ ಕಾಗದದಲ್ಲಿ ಸುತ್ತಿ ಒಂದು ಡಬ್ಬಿಯಲ್ಲಿಡಿ.

ತಿಳಿಸಬೇಕಾದ್ದು ಜಿಲ್ಲಾಧಿಕಾರಿ ಕಚೇರಿಗೆ. ಗ್ರಾಮ ಆಡಳಿತಾಧಿಕಾರಿ, ತಹಶೀಲ್ದಾರ್, ಹತ್ತಿರದ ಪೊಲೀಸ್ ಠಾಣೆಯ ಮೂಲಕವೂ ಆಗುತ್ತದೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಮೈಸೂರಿನಲ್ಲಿದೆ. ಹೇಳುವುದನ್ನು ಬರೆದು ಕೊಟ್ಟು, ತಾರೀಕು ಹಾಕಿದ ಸ್ವೀಕೃತಿ ಪಡೆಯಿರಿ. ಜೆಸಿಬಿ ಆಗಲೇ ಮಣ್ಣು ಸಾಗಿಸಿಬಿಟ್ಟಿದ್ದರೆ, ಯಾವ ಗುಂಡಿಯ ಮಣ್ಣು ಯಾವ ರಾಶಿಯಲ್ಲಿದೆ ಅಂತ ಗುರುತು ಮಾಡಿಟ್ಟು ಅದನ್ನೂ ಬರೆಯಿರಿ. ಆ ರಾಶಿಯನ್ನು ಜರಡಿ ಹಿಡಿದರೂ ಪುರಾತತ್ವದವರಿಗೆ ಕೆಲಸಕ್ಕೆ ಬರುವ ಚೂರುಗಳು ಸಿಗುತ್ತವೆ.